ವಾಮಂಜೂರಿನ ಕಾಲುದಾರಿಗೆ ಒಂದು ಮೋಟಾರ್ ಸೈಕಲ್

ಬೆಂದೂರು, ಮಂಗಳೂರು
22 ಸೆಪ್ಟೆಂಬರ್ 1946

ಪ್ರೀತಿಯ ರೇಮಂಡ್,

ನನ್ನ ಆಟೋಸೈಕಲ್ ನಿನ್ನೆ ಕುಲಶೇಖರದ ಏರಿನಲ್ಲಿ ಮತ್ತೆ ಮುಷ್ಕರ ಹೂಡಿತು. ಪೆಡಲ್ ತುಳಿದೆ, ಇಳಿದು ತಳ್ಳಿದೆ, ಬೈದೆ. ಕೊನೆಗೆ ಹೆಂಚಿನ ಗಾಡಿಯವನೊಬ್ಬ, "ಬಾಯಮ್ಮ, ಅದನ್ನು ನನ್ನ ಗಾಡಿಗೆ ಹಾಕಿ, ನೀವು ಎತ್ತಿನ ಮೇಲೆ ಕೂತುಕೊಳ್ಳಿ" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ನಿರ್ಧರಿಸಿದೆ: ಇನ್ನು ಇದರ ಸಹವಾಸ ಸಾಕು.

ನೀನು ಬೊಂಬಾಯಿಯಲ್ಲಿ ದಿನವಿಡೀ ಮೋಟಾರ್ ಸೈಕಲ್‌ಗಳ ಹೊಟ್ಟೆ ಬಿಚ್ಚುವವನು. ಯಾವುದು ತೆಗೆದುಕೊಳ್ಳಲಿ, ಹೇಳು. ಬೆಳಿಗ್ಗೆ ಬಂದರಿನ ಓಣಿಗಳು, ಆಮೇಲೆ ಜೆಪ್ಪು, ಕಂಕನಾಡಿ. ಇದು ಪೇಟೆಯ ಕೆಲಸ. ಹೆರಿಗೆಯ ಕರೆ ಬಂದರೆ ಕುಲಶೇಖರ ದಾಟಿ ವಾಮಂಜೂರಿನ ಕಡೆಗೆ. ಅಲ್ಲಿ ರಸ್ತೆ ಎನ್ನುವುದು ಅರ್ಧಕ್ಕೇ ನಿಲ್ಲುತ್ತದೆ. ಮುಂದೆ ಮುರಕಲ್ಲಿನ ಗುಡ್ಡೆ, ಗೇರುಮರಗಳ ನಡುವೆ ಕಾಲುದಾರಿ, ಕೆಳಗೆ ಗದ್ದೆಗಳ ನಡುವಿನ ಕಿರಿದಾದ ಹುಣಿ. ಬಂದರಿನ ಗ್ಯಾರೇಜಿನ ನೂರ್ ಮುಹಮ್ಮದ್ ಸಾಹೇಬರು, "ಮಿಲಿಟರಿಯವರು ಮಾರುವ ಐನೂರು ಸಿ.ಸಿ.ಯದ್ದು ತರಿಸಿ, ಆನೆ ಹಾಗೆ ಉಂಟು" ಎನ್ನುತ್ತಾರೆ. ನನಗೆ ಆನೆ ಬೇಕೋ ಬೇಡವೋ ಗೊತ್ತಿಲ್ಲ.

ನಿನ್ನ ಹತ್ತಿರ ಮುಚ್ಚುಮರೆ ಯಾಕೆ? ನನಗೆ ಮಜಾ ಬೇಕು ರೇಮಂಡ್. ಮೂವತ್ತಾಯಿತು. ಬೇರೆಯವರ ಮಕ್ಕಳನ್ನು ಭೂಮಿಗೆ ತರುವುದೇ ನನ್ನ ಕೆಲಸ. ಗುಡ್ಡೆ ಇಳಿಯುವಾಗ ಗಾಳಿ ಮುಖಕ್ಕೆ ಬಡಿದರೆ ಅಷ್ಟು ಹೊತ್ತು ನಾನು ಯಾರಿಗೂ ಹೆರಿಗೆಯ ಬಾಯಮ್ಮ ಅಲ್ಲ.

ವಾಮಂಜೂರಿನ ಆಚೆ ಅಮ್ಮಣಿ ಎಂಬ ಹುಡುಗಿ ಮತ್ತೆ ಬಸುರಿ. ಮೊದಲಿನ ಎರಡು ಹೆರಿಗೆಯನ್ನೂ ನಾನೇ ಮಾಡಿಸಿದ್ದು. ಎರಡೂ ಗಟ್ಟಿ ಮಕ್ಕಳು. ಎರಡೂ ಪುಣ್ಯಾಹ ಕಳೆಯುವ ಮೊದಲೇ ಹೋದವು. ಅದಿರಲಿ.

ಬೇಗ ಬರೆ.

ನಿನ್ನ ತಂಗಿ,
ಎಸ್ತೆರ್

*

ಬೈಕಲಾ, ಬೊಂಬಾಯಿ
6 ಅಕ್ಟೋಬರ್ 1946

ಪ್ರೀತಿಯ ಎಸ್ತೆರ್,

ಆನೆ ಬೇಡ. ಐನೂರರದ್ದು ಒಳ್ಳೆಯ ಗಾಡಿ, ಸಾಯುವುದೇ ಇಲ್ಲ. ಆದರೆ ಬಹಳ ಭಾರ. ಗದ್ದೆಯ ಹುಣಿಯಿಂದ ಜಾರಿ ಕೆಸರಿಗೆ ಬಿತ್ತೆಂದಿಟ್ಟುಕೋ, ನಾಲ್ಕು ಜನ ಬರುವವರೆಗೆ ನೀನು ಅದರ ಪಕ್ಕ ಕುಳಿತು ಜಪಮಾಲೆ ಹಿಡಿಯಬೇಕು. ಬಿದ್ದ ಗಾಡಿಯನ್ನು ನೀನೊಬ್ಬಳೇ ಎತ್ತಿ ನಿಲ್ಲಿಸಲಾಗದಿದ್ದರೆ ಅದು ನಿನ್ನ ಗಾಡಿಯಲ್ಲ.

ಸೈಡ್‌ಕಾರ್ ಇರುವುದನ್ನೂ ಯೋಚಿಸಿದೆ. ಪೇಟೆಯಲ್ಲಿ ಚೆಂದ, ಔಷಧಿ ಪೆಟ್ಟಿಗೆಗೂ ಜಾಗ. ಆದರೆ ನೀನು ಹೇಳುವ ಕಾಲುದಾರಿಯಲ್ಲಿ ಮೂರನೆಯ ಚಕ್ರಕ್ಕೆ ನೆಲವೆಲ್ಲಿದೆ?

ಇಲ್ಲಿನ ಮಿಲಿಟರಿ ಡಿಪೋದಲ್ಲಿ ಮ್ಯಾಚ್‌ಲೆಸ್ ಮುನ್ನೂರೈವತ್ತು ಒಂದನ್ನು ಗುರುತು ಹಾಕಿ ಇಟ್ಟಿದ್ದೇನೆ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗಿನ ಜೊತೆ ಎಣ್ಣೆ ತುಂಬಿದ ಕೊಳವೆಗಳಿವೆ. ಕಲ್ಲಿನ ಮೇಲೆ ಹೋದರೂ ಕೈಗೆ ಪೆಟ್ಟು ಬರುವುದಿಲ್ಲ, ಮೆತ್ತಗೆ ತೂಗುತ್ತದೆ. ಏರಿನಲ್ಲಿ ನಿನ್ನ ಹೆಂಚಿನ ಗಾಡಿಯವನನ್ನು ಹಿಂದೆ ಹಾಕಿ ನಗಬಹುದು. ಪೂರ್ತಿ ಬಿಚ್ಚಿ, ತೊಳೆದು, ನಾನೇ ಜೋಡಿಸಿ ಸ್ಟೀಮರಿಗೆ ಹಾಕುತ್ತೇನೆ. ಓಡಿಸಿ ನೋಡುವ ಕೆಲಸವನ್ನು ಅಂಗಡಿಯ ಇನ್ನೊಬ್ಬನಿಗೆ ಕೊಡುತ್ತೇನೆ. ನಾನು ಈಗ ಓಡಿಸುವುದಿಲ್ಲ, ನಿನಗೆ ಗೊತ್ತಲ್ಲ.

ಎರಡು ಮಕ್ಕಳು ಸತ್ತ ವಿಷಯ ಬರೆದು 'ಅದಿರಲಿ' ಎಂದಿದ್ದಿ. ನೀನು ಹಾಗೆ ಬರೆಯುವವಳಲ್ಲ.

ನಿನ್ನ ಅಣ್ಣ,
ರೇಮಂಡ್

*

ಬೆಂದೂರು
24 ನವೆಂಬರ್ 1946

ಪ್ರೀತಿಯ ರೇಮಂಡ್,

ಬಂತು! ಸ್ಟೀಮರಿನಿಂದ ದೋಣಿಗೆ, ದೋಣಿಯಿಂದ ಬಂದರಿನ ಕಟ್ಟೆಗೆ ಇಳಿಸುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ನೂರ್ ಮುಹಮ್ಮದ್ ಸಾಹೇಬರು ಸುತ್ತ ತಿರುಗಿ ನೋಡಿ, ಒಪ್ಪಿಕೊಳ್ಳಲು ಮನಸ್ಸಿಲ್ಲದೆ, "ಸ್ವಲ್ಪ ತೆಳ್ಳಗೆ ಉಂಟು" ಎಂದರು. ಆಮೇಲೆ ತಾವೇ ಒಂದು ಸುತ್ತು ಓಡಿಸಿ ಬಂದರು. ಇಳಿಯುವಾಗ ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

ಮೊದಲ ವಾರ ಪೇಟೆಯಲ್ಲೇ ಓಡಿಸಿದೆ. ಹಂಪನಕಟ್ಟೆಯ ಜಟಕಾಗಳ ನಡುವೆ ಮೀನಿನ ಹಾಗೆ ನುಸುಳುತ್ತದೆ. ಫ್ರಾಕಿನ ಮೇಲೆ ಪಪ್ಪನ ಹಳೆಯ ಕೋಟು ಹಾಕಿ ಹೋಗುತ್ತೇನೆ. ಇಗರ್ಜಿಯ ಹೆಂಗಸರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಒಂದು ಸಂಜೆ, ಯಾವ ಕರೆಯೂ ಇಲ್ಲದೆ, ಸುಮ್ಮನೆ ಗುಡ್ಡೆಗೆ ಹೋದೆ. ಗೇರುಮರಗಳ ನಡುವೆ ನಿಂತುಕೊಂಡೇ ಓಡಿಸಿದೆ. ನೀನು ಹೇಳಿದ ಹಾಗೇ ತೂಗಿತು. ಜೋರಾಗಿ ಹಾಡಿದೆ. ಕೇಳಲು ಯಾರೂ ಇರಲಿಲ್ಲ.

ಅಲ್ಲಿಂದ ಅಮ್ಮಣಿಯ ಮನೆ ಹತ್ತಿರವಾದ್ದರಿಂದ ಇಳಿದು ಹೋದೆ. ಅವಳ ಗಂಡ ಲೋಕಯ್ಯ ಉಳ್ಳಾಲದವನು, ಮಂಜಿ ಎನ್ನುವ ಹಾಯಿಹಡಗಿನಲ್ಲಿ ಹೆಂಚು ತುಂಬಿಕೊಂಡು ಕಡಲಿಗೆ ಹೋಗುತ್ತಾನೆ. ಮಳೆ ಕಳೆದ ಮೇಲೆ ಊರಿನಲ್ಲಿರುವುದೇ ಅಪರೂಪ. ಹಾಗಾಗಿ ಅವಳು ತವರಿನಲ್ಲಿದ್ದಾಳೆ. ಮನೆ ನಡೆಸುವವಳು ಅಕ್ಕ ಕಿನ್ನಿ. ತಾಯಿ ಸತ್ತಾಗ ಅಮ್ಮಣಿ ತೊಟ್ಟಿಲ ಮಗು. ಎತ್ತಿ ಬೆಳೆಸಿದ್ದು ಇದೇ ಕಿನ್ನಿ. ಎಷ್ಟು ಒಳ್ಳೆಯ ಮಾತಿನ ಹೆಂಗಸು ಗೊತ್ತಾ! ನಾನು ಅಂಗಳಕ್ಕೆ ಬರುವಾಗ ಎಳನೀರು ಕೆತ್ತಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಂತ ಶಬ್ದ ಬಾಯಮ್ಮ ಇದರದ್ದು! ನೀವು ಗುಡ್ಡೆಯ ಆಚೆ ಇರುವಾಗಲೇ ಕೇಳ್ತದೆ. ಕೈಯಲ್ಲಿರುವ ಕೆಲಸ ಮುಗಿಸಿ ನಿಲ್ಲುವಷ್ಟು ಪುರುಸೊತ್ತು ಉಂಟು ನನಗೆ."

ನಾನು ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ಮಾತು ಮತ್ತೆ ನೆನಪಾಯಿತು. ಯಾಕೆಂದು ಗೊತ್ತಿಲ್ಲ.

ನೀನು ಕೇಳಿದೆಯಲ್ಲ, ಬರೆಯುತ್ತೇನೆ. ಎರಡು ಮಕ್ಕಳಿಗೂ ಜ್ವರವಿರಲಿಲ್ಲ, ನಂಜು ಇರಲಿಲ್ಲ. ಹಾಲು ಕುಡಿಯುತ್ತಿದ್ದವು. ಮಲಗಿದವು, ಏಳಲಿಲ್ಲ. ಮನೆಯವರು ಏನೋ ಭೂತದ ಉಪದ್ರ ಎಂದರು, ಎಂತೆಂಥದೋ ಮಾಡಿಸಿದರು. ನಾನು ಎರಡು ಸಲವೂ ತಲೆ ತಗ್ಗಿಸಿ ಬಂದೆ. ನನ್ನ ಕೈಯಲ್ಲೇ ಏನೋ ತಪ್ಪಿದೆ ಎಂದುಕೊಂಡೆ.

ಎರಡೂ ಹೆಣ್ಣು ಮಕ್ಕಳು.

ನಿನ್ನ ತಂಗಿ,
ಎಸ್ತೆರ್

*

ಬೆಂದೂರು
12 ಜನವರಿ 1947

ಪ್ರೀತಿಯ ರೇಮಂಡ್,

ಕ್ರಿಸ್ಮಸ್ಸಿಗೆ ನೀನು ಬರಲಿಲ್ಲ. ಕುಸ್ವಾರಿನ ತಿಂಡಿಗಳನ್ನು ಕಟ್ಟಿ ಇಟ್ಟಿದ್ದೆ, ಅಂಚೆಯಲ್ಲಿ ಕಳಿಸುತ್ತೇನೆ. ಪುಡಿಯಾದರೆ ನನ್ನನ್ನು ಬೈಯಬೇಡ.

ಅಮ್ಮಣಿಗೆ ತಿಂಗಳು ತುಂಬುತ್ತಾ ಬಂದಿದೆ. ನಾನು ಮಾತ್ರ ಕಾರಣ ಹುಡುಕಿ ಹುಡುಕಿ ಅಲ್ಲಿಗೆ ಹೋಗುತ್ತೇನೆ. ಅಳಿಯಕಟ್ಟಿನವರ ಸಂಗತಿ ನಿನಗೆ ಗೊತ್ತುಂಟಲ್ಲ. ಮನೆ, ಗದ್ದೆ ಎಲ್ಲ ಮುಂದೆ ಹೋಗುವುದು ಹೆಣ್ಣಿನ ಸಂತತಿಗೆ. ಕಿನ್ನಿಗೆ ಇಬ್ಬರೂ ಗಂಡು ಮಕ್ಕಳು, ಇನ್ನು ಹೆರುವ ವಯಸ್ಸಲ್ಲ. ಅಮ್ಮಣಿಗೆ ಒಂದು ಹೆಣ್ಣು ಉಳಿದರೆ ಮನೆ ಆ ಹೆಣ್ಣಿನ ಸಂತತಿಗೆ. ಉಳಿಯದಿದ್ದರೆ ಕಿನ್ನಿಯ ಮಕ್ಕಳೇ ತಮ್ಮ ಕಾಲ ಮುಗಿಯುವವರೆಗೆ ಯಜಮಾನರು. ಇದನ್ನು ನಾನು ಯಾರಿಗೂ ಹೇಳಿಲ್ಲ. ಕಾಗದದ ಮೇಲೆ ನೋಡುವಾಗ ನನಗೇ ನಾಚಿಕೆಯಾಗುತ್ತದೆ. ಬೇರೆಯವರ ಮನೆಯಲ್ಲಿ ಹೆಣ್ಣು ಬೇಡ ಎಂದು ಅಳುತ್ತಾರೆ. ಅಲ್ಲಿ ಗಂಡಾಗಲಿ ಎಂದು ಬೇಡಿಕೊಳ್ಳುವವಳು ನಾನೊಬ್ಬಳೇ ಇರಬೇಕು.

ಅಮ್ಮಣಿಯನ್ನು ದನದ ಹಟ್ಟಿಯ ಬದಿಗೆ ಕರೆದು, "ಈ ಸಲ ಆಸ್ಪತ್ರೆಗೆ ಬಾ" ಎಂದೆ.

"ಅಕ್ಕ ಎಂತ ಹೇಳ್ತಾಳೋ" ಎಂದಳು.

"ಅಕ್ಕನಿಗೆ ನಾನು ಹೇಳ್ತೇನೆ."

"ಬೇಡ ಬಾಯಮ್ಮ. ನೀವು ಎಂತದೂ ಹೇಳ್ಬೇಡಿ." ನನ್ನ ಮುಖ ನೋಡಲಿಲ್ಲ. "ಅವಳೇ ನನಗೆ ಅಮ್ಮ. ನಾನು ಬೇರೆ ಕಡೆ ಹೋದ್ರೆ ಊರಿನವರು ಅವಳನ್ನು ಎಂತ ತಿಳಿದಾರು?"

ನಾವು ತಿರುಗುವಾಗ ಕಿನ್ನಿ ಹಟ್ಟಿಯ ಬಾಗಿಲಲ್ಲಿ ಹುಲ್ಲಿನ ಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಇನ್ನು ನಗುವ ವಿಷಯ. ಮೊನ್ನೆ ಅಲ್ಲಿಂದ ಹೊರಟು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಯಿತು! ಮುಂದಿನ ಬ್ರೇಕ್ ಹಿಡಿದೆ, ಜಲ್ಲಿಯಲ್ಲಿ ಜಾರಿತು, ಕಲ್ಲಿನ ಕಂದಕಕ್ಕೆ ಹೋಗಬೇಕಾದವಳು ಹೇಗೋ ತಿರುಗಿಸಿ ಕೊಯ್ಲಾದ ಗದ್ದೆಗೆ ಹಾರಿದೆ. ಮೊಣಕೈ ತರಚಿದೆ, ಬೇರೇನಿಲ್ಲ. ಗಾಡಿಯನ್ನು ನಾನೊಬ್ಬಳೇ ಎತ್ತಿದೆ, ನಿನ್ನ ಪರೀಕ್ಷೆಯಲ್ಲಿ ಪಾಸು. ಹಿಂದಿನ ಬ್ರೇಕಿನ ಸರಳನ್ನು ಪೆಡಲಿಗೆ ಹಿಡಿಸುವ ಪಿನ್ ಬಿದ್ದುಹೋಗಿತ್ತು. ಸಾಹೇಬರು ಹೊಸದು ಹಾಕಿಕೊಟ್ಟರು. ಕಲ್ಲಿನ ದಾರಿಯಲ್ಲವಾ, ಸಡಿಲವಾಗಿರಬೇಕು. ಸರಿಯಾಗಿ ಜೋಡಿಸಲು ಬಾರದ ಮೆಕ್ಯಾನಿಕ್ ಅಣ್ಣನಿಗೆ ಧನ್ಯವಾದ!

ನಿನ್ನ ತಂಗಿ,
ಎಸ್ತೆರ್

*

ತಂತಿ
ಬೊಂಬಾಯಿ, 18 ಜನವರಿ 1947

ಆ ಪಿನ್ ತಾನಾಗಿ ಬೀಳದು. ಆ ಮನೆಗೆ ಹೋಗಬೇಡ. ಪತ್ರ ಬರುತ್ತಿದೆ. ರೇಮಂಡ್.

*

ಬೈಕಲಾ
18 ಜನವರಿ 1947

ಎಸ್ತೆರ್,

ತಂತಿ ಸಿಕ್ಕಿರಬೇಕು. ಆ ಪಿನ್ನನ್ನು ಹಾಕಿದವನು ನಾನು. ಅದು ಬೀಳದಂತೆ ತುದಿಯಲ್ಲಿ ಒಂದು ಸೀಳು ತಂತಿ ಇರುತ್ತದೆ, ಎರಡು ಕಾಲಿನದು. ತೂರಿಸಿದ ಮೇಲೆ ಎರಡು ಕಾಲನ್ನೂ ಅಗಲಿಸಿ ಮಡಚಿದ್ದೇನೆ. ಎಂಥ ಕಲ್ಲಿನ ದಾರಿಯಾದರೂ ಅವು ತಾವಾಗಿ ನೇರವಾಗುವುದಿಲ್ಲ. ಯಾರೋ ಕುಳಿತು, ಪುರುಸೊತ್ತಿನಲ್ಲಿ, ಇಕ್ಕುಳ ಹಿಡಿದು ನೇರ ಮಾಡಿ ಎಳೆದಿದ್ದಾರೆ. ನೀನು ಹಟ್ಟಿಯ ಬದಿಯಲ್ಲಿ ಮಾತಾಡುತ್ತಿದ್ದಾಗ ಗಾಡಿ ಎಲ್ಲಿತ್ತು? ಯಾರ ಕಣ್ಣಿನ ಮುಂದಿತ್ತು?

ಯುದ್ಧದ ಕಾಲದಲ್ಲಿ, ಬರ್ಮಾದಲ್ಲಿ, ನನ್ನ ಜೊತೆ ಬಾಸಿಲ್ ಎಂಬವನು ಮೋಟಾರ್ ಸೈಕಲ್ ಓಡಿಸುತ್ತಿದ್ದ. ಅವನ ಸುದ್ದಿ ಯಾಕೆ ಬರೆಯುವುದಿಲ್ಲ ಎಂದು ನೀನು ಒಮ್ಮೆ ಕೇಳಿದ್ದಿ. ದಾರಿಗೆ ಅಡ್ಡವಾಗಿ, ಎದೆಯ ಎತ್ತರಕ್ಕೆ ಕಟ್ಟಿದ ಒಂದು ತಂತಿ. ಅವನು ನನಗಿಂತ ಸ್ವಲ್ಪ ಮುಂದಿದ್ದ. ಅಷ್ಟೇ ಬರೆಯಬಲ್ಲೆ.

ಹೋಗಬೇಡ ಎಂದರೆ ನೀನು ಕೇಳುವುದಿಲ್ಲ. ಹೋಗುವುದಾದರೆ ಕೇಳು. ಪ್ರತಿ ಸಲ ಹೊರಡುವ ಮೊದಲು ಎರಡೂ ಬ್ರೇಕ್ ನೋಡು, ಚಕ್ರದ ನಟ್ಟು ಮುಟ್ಟಿ ನೋಡು. ಇಳಿಜಾರಿಗೆ ಬರುವಾಗ ನಿಧಾನ, ಎದೆಯ ಎತ್ತರಕ್ಕೆ ಕಣ್ಣಿಡು. ಗಾಡಿಯನ್ನು ಕಣ್ಣಿಗೆ ಕಾಣುವಲ್ಲೇ ನಿಲ್ಲಿಸು. ಇನ್ನೊಂದು. ಗುಡ್ಡೆಯ ನೆತ್ತಿಯಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲಿಗೆ ಹಾಕಿ ಇಳಿ. ಒಳ್ಳೆಯ ಗಾಡಿ, ಉಸಿರೂ ಕೇಳಿಸುವುದಿಲ್ಲ.

ರೇಮಂಡ್

*

ಬೆಂದೂರು
20 ಫೆಬ್ರವರಿ 1947

ರೇಮಂಡ್,

ಹೆಣ್ಣು.

ಕಿನ್ನಿಯೇ ಮೊದಲು ಕೈ ಚಾಚಿ ಎತ್ತಿಕೊಂಡಳು. "ಮನೆಗೆ ದೀಪ ಬಂತು" ಎಂದು ಕಣ್ಣೊರೆಸಿದಳು. ಒಕ್ಕಲಿನವರಿಗೆಲ್ಲ ಬೆಲ್ಲ ಹಂಚಿದಳು, ನನಗೂ ಕೊಟ್ಟಳು. ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಇಷ್ಟು ಸಂತೋಷವನ್ನು ನಟಿಸಲು ಸಾಧ್ಯವಾ? ನಾನೇ ಹುಚ್ಚಿಯಾ? ಪಿನ್ನಿನ ವಿಷಯದಲ್ಲಿ ನಿನ್ನದೇ ತಪ್ಪಾಗಿರಬಾರದಾ? ಹಾಗೆ ಆಗಿದ್ದರೆ ನಾನು ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಮಗು ಗಟ್ಟಿಯಾಗಿದೆ, ಮುಷ್ಟಿ ಬಿಗಿ ಹಿಡಿದು ಕೂಗುತ್ತದೆ. ಲೋಕಯ್ಯ ಮಲಬಾರಿನ ಕಡೆ ಇದ್ದಾನೆ, ತಂತಿ ಕೊಟ್ಟಿದ್ದೇನೆ. ನಾನು ದಿನಾ ಹೋಗುತ್ತೇನೆ. ಆದರೆ ಉಳಿದುಕೊಳ್ಳಲು ಬಿಡುವುದಿಲ್ಲ. "ನಾವೆಲ್ಲ ಇದ್ದೇವಲ್ಲ ಬಾಯಮ್ಮ" ಎನ್ನುತ್ತಾಳೆ ಕಿನ್ನಿ. ಅಂಗಳದವರೆಗೆ ಬಂದು, ನಾನು ಕಿಕ್ ಹೊಡೆಯುವವರೆಗೆ ನಿಂತು, ದಿನಾ ಒಂದೇ ಪ್ರಶ್ನೆ:

"ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?"

ಎಸ್ತೆರ್

*

ತಂತಿ
ಬೊಂಬಾಯಿ, 3 ಮಾರ್ಚ್ 1947

ಪತ್ರವಿಲ್ಲ. ಕ್ಷೇಮವೇ? ಉತ್ತರಿಸು. ರೇಮಂಡ್.

*

ಬೆಂದೂರು
9 ಮಾರ್ಚ್ 1947

ಪ್ರೀತಿಯ ರೇಮಂಡ್,

ನಿನ್ನ ತಂತಿಗೆ 'ಕ್ಷೇಮ' ಎಂದು ಒಂದೇ ಮಾತು ಕಳಿಸಿದ್ದಕ್ಕೆ ಕ್ಷಮಿಸು. ಅಂದು ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ.

ಸಂಜೆ ಬರುತ್ತೇನೆಂದು ಕಿನ್ನಿಗೆ ಹೇಳಿ ಮಧ್ಯಾಹ್ನವೇ ಹೋದೆ. ನೀನು ಹೇಳಿದ ಹಾಗೆ ನೆತ್ತಿಯಲ್ಲಿ ಎಂಜಿನ್ ಆರಿಸಿದೆ. ಅಷ್ಟು ಮೌನದಲ್ಲಿ ಆ ಗುಡ್ಡೆಯನ್ನು ಎಂದೂ ಇಳಿದಿರಲಿಲ್ಲ. ಟಯರಿನ ಕೆಳಗೆ ಒಣ ಎಲೆ ಮುರಿಯುವುದೊಂದೇ ಸದ್ದು. ಅಂಗಳದಲ್ಲಿ ಯಾರೂ ಇಲ್ಲ, ಗಂಡಸರು ಗದ್ದೆಯಲ್ಲಿದ್ದರು. ಅಮ್ಮಣಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಮಗು ಇರಲಿಲ್ಲ.

ಹಿಂದಿನ ಜಗಲಿಯಲ್ಲಿ ಕಿನ್ನಿ ಕಾಲು ಚಾಚಿ ಕುಳಿತಿದ್ದಳು. ಮಗು ಅವಳ ಕಾಲುಗಳ ಮೇಲೆ, ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಮಲಗಿಸುವ ಹಾಗೆ. ಸಣ್ಣ ದನಿಯಲ್ಲಿ ಜೋಗುಳ ಹೇಳುತ್ತಿದ್ದಳು. ಕಿರುಬೆರಳಿನ ತುದಿಯಲ್ಲಿ ಏನೋ ಕಪ್ಪಗೆ ಅಂಟಿತ್ತು. ಅದನ್ನು ಮಗುವಿನ ಬಾಯೊಳಗೆ ಇಟ್ಟು ಚೀಪಿಸುತ್ತಿದ್ದಳು. ಪಕ್ಕದ ಕರಟದಲ್ಲಿ ಇನ್ನೂ ಇತ್ತು. ವಾಸನೆ ನನಗೆ ಗೊತ್ತು ರೇಮಂಡ್. ಅಫೀಮು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಮಗುವನ್ನು ಕಿತ್ತುಕೊಂಡೆ. ಕಿನ್ನಿ ತಡೆಯಲಿಲ್ಲ, ಎದ್ದೂ ನಿಲ್ಲಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಈಗಷ್ಟೇ ಮಲಗಿದೆ ಬಾಯಮ್ಮ. ಎಬ್ಬಿಸ್ಬೇಡಿ."

ಮಗುವಿನ ಕಣ್ಣಿನ ರೆಪ್ಪೆ ಎತ್ತಿದೆ. ಪಾಪೆ ಸಾಸಿವೆಯಷ್ಟಾಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನನ್ನ ಎದೆ ನಿಂತುಹೋಗುವಷ್ಟು ಅಂತರ. ಅಮ್ಮಣಿಯ ಕೋಣೆಯಿಂದ ಸೀರೆಯೊಂದನ್ನು ಎಳೆದು ಮಗುವನ್ನು ಎದೆಗೆ ಕಟ್ಟಿಕೊಂಡೆ. ಅವಳು ಎದ್ದು ಕುಳಿತಿದ್ದಳು. ಏನೂ ಕೇಳಲಿಲ್ಲ. ಒಂದೂ ಮಾತು ಕೇಳಲಿಲ್ಲ, ರೇಮಂಡ್. ನಾನೇ ಸೀರೆಯ ಗಂಟು ಹಾಕಲಾರದೆ ಒದ್ದಾಡುವಾಗ ಹತ್ತಿರ ಬಂದು ಬಿಗಿಯಾಗಿ ಕಟ್ಟಿದಳು, ಬೆನ್ನಿನ ಮೇಲೆ ಕೈಯಿಟ್ಟು ಹೊರಗೆ ನೂಕಿದಳು.

ದಾರಿಯುದ್ದಕ್ಕೂ ಮಗುವನ್ನು ಮಲಗಲು ಬಿಡಬಾರದಿತ್ತು. ನೀನು ಆರಿಸಿ ಕಳಿಸಿದ ಮೆತ್ತನೆಯ ಫೋರ್ಕ್ ಆ ದಿನ ನನಗೆ ಶತ್ರುವಾಯಿತು. ತೊಟ್ಟಿಲಿನ ಹಾಗೆ ತೂಗುತ್ತದೆ! ಬೇಕೆಂದೇ ಕಲ್ಲಿನ ಮೇಲೆ, ಬೇರಿನ ಮೇಲೆ, ಹೊಂಡಕ್ಕೆ ಹಾಯಿಸಿದೆ. ನೆಲ ಸಮವಾದಲ್ಲೆಲ್ಲ ಒಂದು ಕೈ ಬಿಟ್ಟು ಅಂಗಾಲು ಚಿವುಟಿದೆ. ಗುಡ್ಡೆಯ ಮೇಲೆ ಹಾಡಿದ್ದೆನಲ್ಲ, ಅದೇ ಜಾಗದಲ್ಲಿ ಕಿರಿಚುತ್ತಾ ಹೋದೆ, ಏಳು, ಏಳು ಎಂದು. ಕುಲಶೇಖರದಲ್ಲಿ ಮಗು ನೀಲಿಯಾಯಿತು. ಗಾಡಿಯನ್ನು ರಸ್ತೆಯ ನಡುವೆ ಬೀಳಿಸಿ, ಅಲ್ಲೇ ನೆಲದ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಊದಿದೆ. ಉಸಿರು ಮರಳಿತು. ಮತ್ತೆ ಹೊರಟೆ.

ಬದುಕಿದೆ. ಎರಡು ದಿನ ಆಸ್ಪತ್ರೆಯಲ್ಲಿ ಯಾರೂ ಭರವಸೆ ಕೊಟ್ಟಿರಲಿಲ್ಲ. ಮೂರನೆಯ ಬೆಳಿಗ್ಗೆ ಕೂಗಿತು. ಆ ಕೂಗಿಗಿಂತ ಒಳ್ಳೆಯ ಶಬ್ದವನ್ನು ಯಾವ ಎಂಜಿನೂ ಮಾಡಲಾರದು.

ಪೊಲೀಸರು ಆ ಮನೆಗೆ ಹೋದರು. ಕಿನ್ನಿ ಚಾಪೆ ಹಾಸಿ ಕೂರಿಸಿ, "ಹೊಟ್ಟೆನೋವಿಗೆ ಒಂದಿಷ್ಟು ಚೀಪಿಸಿದೆ, ಹಳೆಕಾಲದಿಂದ ಎಲ್ಲರೂ ಕೊಡುವುದಲ್ಲವಾ" ಎಂದಳಂತೆ. ಎಲ್ಲರೂ ಕೊಡುತ್ತಾರೆ, ಅದು ನಿಜವೇ. ಅಮ್ಮಣಿಯನ್ನು ಕೇಳಿದರು. ತಾನು ನಿದ್ದೆಯಲ್ಲಿದ್ದೆ, ಏನೂ ಗೊತ್ತಿಲ್ಲ ಎಂದಳು. ಅಲ್ಲಿಗೆ ಮುಗಿಯಿತು.

ನಿನ್ನ ತಂಗಿ,
ಎಸ್ತೆರ್

*

ಬೈಕಲಾ
17 ಮಾರ್ಚ್ 1947

ಪ್ರೀತಿಯ ಎಸ್ತೆರ್,

ನಿನ್ನ ಪತ್ರವನ್ನು ಅಂಗಡಿಯ ಹೊರಗೆ ನಿಂತು ಓದಿದೆ. ಆಮೇಲೆ ಒಳಗೆ ಹೋಗಿ, ರಿಪೇರಿಯಾಗಿ ನಿಂತಿದ್ದ ಒಂದು ಗಾಡಿಯನ್ನು ತೆಗೆದು, ಮಝಗಾಂವ್‌ವರೆಗೆ ಓಡಿಸಿ ಬಂದೆ. ಕೆಲಸದವರು ಬಾಯಿ ತೆರೆದು ನೋಡುತ್ತಿದ್ದರು.

ಆ ಮಗುವನ್ನು ಆ ಮನೆಗೆ ಮರಳಿ ಕಳಿಸಬೇಡ. ನೀನೂ ಆ ಗುಡ್ಡೆಗೆ ಹೋಗಬೇಡ. ಈ ಸಲ ನನ್ನ ಮಾತು ಕೇಳು.

ರೇಮಂಡ್

*

ಬೆಂದೂರು
13 ಏಪ್ರಿಲ್ 1947

ಪ್ರೀತಿಯ ರೇಮಂಡ್,

ಲೋಕಯ್ಯ ಬಂದ. ಮಗುವಿಗೆ ಹಾಲು ಕುಡಿಸಲು ಅಮ್ಮಣಿಯೂ ಆಸ್ಪತ್ರೆಗೆ ಬಂದು ಉಳಿದಿದ್ದಳು, ಅಲ್ಲಿಂದಲೇ ಇಬ್ಬರನ್ನೂ ಉಳ್ಳಾಲಕ್ಕೆ ಕರೆದುಕೊಂಡು ಹೋದ. ಕಡಲಿನ ಹತ್ತಿರ, ಮರಳಿನ ಮೇಲೆ ಒಂದು ಸಣ್ಣ ಮನೆ. ನಾನು ವಾರಕ್ಕೊಮ್ಮೆ ಗಾಡಿಯನ್ನು ಹೊಳೆಯ ಈಚೆ ಬಿಟ್ಟು, ದೋಣಿ ಹತ್ತಿ ಹೋಗಿ ಬರುತ್ತೇನೆ. ಮಗು ತೂಕ ಹಾಕಿದೆ.

ನಿನ್ನೆ ನಾನು ಅಲ್ಲಿದ್ದಾಗ ಕಿನ್ನಿ ಬಂದಳು.

ಲೋಕಯ್ಯ ದೋಣಿಗಳ ಹತ್ತಿರ ಹೋಗಿದ್ದ. ಕಿಟಕಿಯಿಂದ ಮೊದಲು ಕಂಡದ್ದು ಅಮ್ಮಣಿಗೆ. ಅವಳು ಮಗುವನ್ನು ನನ್ನ ಮಡಿಲಿಗೆ ಹಾಕಿ, ಸದ್ದಾಗದ ಹಾಗೆ ಬಾಗಿಲಿಗೆ ಅಗುಳಿ ಹಾಕಿದಳು.

"ಅಮ್ಮಣೀ," ಹೊರಗಿನಿಂದ ಅದೇ ಮೆತ್ತನೆಯ ದನಿ. "ನಾನು, ಮಗಾ. ಮಗುವನ್ನು ಒಮ್ಮೆ ನೋಡಿ ಹೋಗ್ತೇನೆ."

ಅಮ್ಮಣಿ ಬಾಗಿಲಿಗೆ ಹಣೆಯಿಟ್ಟು ನಿಂತಿದ್ದಳು.

"ಬಿಸಿಲಿಗೆ ಇಷ್ಟು ದೂರ ನಡೆದು ಬಂದಿದ್ದೇನೆ. ಒಂದು ಲೋಟ ನೀರಾದ್ರೂ ಕೊಡುವುದಿಲ್ವಾ? ಮಾತಾಡು. ನಿನ್ನನ್ನು ಸಾಕಿದ್ದು ಯಾರು?"

"ನೀನೇ ಅಕ್ಕ."

"ಮತ್ತೆ? ತೆಗೆ ಬಾಗಿಲು."

ಅಮ್ಮಣಿಯ ಕೈ ಅಗುಳಿಯ ಮೇಲೆ ಹೋಯಿತು. ನಾನು ಎದ್ದು ನಿಂತೆ. ಅವಳು ನನ್ನನ್ನು ನೋಡಲಿಲ್ಲ. ಕೈ ಅಲ್ಲೇ ಇತ್ತು, ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ, ಪಕ್ಕದಲ್ಲಿರುವವಳಿಗೆ ಹೇಳುವಷ್ಟೇ ಸಣ್ಣ ದನಿಯಲ್ಲಿ ಹೇಳಿದಳು:

"ಎರಡನೆಯ ಮಗು ನಿನ್ನ ಕಾಲ ಮೇಲೆ ಇರುವಾಗ ನನಗೆ ನಿದ್ದೆ ಬಂದಿರಲಿಲ್ಲ ಅಕ್ಕ. ನಾನು ಕಣ್ಣು ಮುಚ್ಚಿದ್ದೆ, ಅಷ್ಟೇ."

ಹೊರಗೆ ಮಾತು ನಿಂತಿತು.

ಅಮ್ಮಣಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಕೈ ಚಾಚಿ ಮಗುವನ್ನು ತೆಗೆದುಕೊಂಡು ಹಾಲು ಕುಡಿಸಿದಳು. ಮರಳಿನ ಮೇಲೆ ಹೆಜ್ಜೆಯ ಸದ್ದಾಗುವುದಿಲ್ಲ ರೇಮಂಡ್. ಕಿನ್ನಿ ಹೋದಳೋ, ಅಲ್ಲೇ ನಿಂತಿದ್ದಾಳೋ ನಮಗೆ ತಿಳಿಯಲಿಲ್ಲ. ಲೋಕಯ್ಯ ಬಂದು ಕರೆಯುವವರೆಗೆ ನಾವಿಬ್ಬರೂ ಬಾಗಿಲು ತೆರೆಯಲಿಲ್ಲ.

ನಿನ್ನ ತಂಗಿ,
ಎಸ್ತೆರ್